ಬಳಸುವವರ ತಪ್ಪೋ, ವಸ್ತುವಿನ ತಪ್ಪೋ? ದಿನಬಳಕೆಯ ತಂತ್ರಜ್ಞಾನದ ವಿನ್ಯಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫೋನು, ಕಂಪ್ಯೂಟರು, ಒಲೆ, ಲಿಫ್ಟು, ಎಟಿಎಂ ಮುಂತಾದವನ್ನು ಬಳಸುವಾಗ ತಡವರಿಸಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಇಂತಹ ಪ್ರಶ್ನೆಗಳಲ್ಲಿ ಹೆಚ್ಚಿನವು ‘ನನಗೆ ಇದೆಲ್ಲ ಅಷ್ಟು ಗೊತ್ತಾಗುವುದಿಲ್ಲ’ ಎಂಬ ಸಂಕೋಚದ ಮಾತಿನಿಂದಲೇ ಶುರುವಾಗುತ್ತವೆ. ಆ ಸಂಕೋಚ ಅನಗತ್ಯ ಎಂಬುದು ಈ ಉತ್ತರಗಳನ್ನು ಬರೆದವನ ನಿಲುವು. ಹತ್ತು ಜನ ಒಂದೇ ಕಲ್ಲಿಗೆ ಎಡವಿದರೆ ನೋಡಬೇಕಾದದ್ದು ಕಲ್ಲನ್ನು.

ಬಳಕೆಯ ಸುಲಭತೆ ಎಂದರೆ ಏನು? ವಸ್ತು ನೋಡಲು ಚೆನ್ನಾಗಿದ್ದರೆ ಸಾಲದೇ?

ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 9241ರ 11ನೆಯ ಭಾಗವು ಇದನ್ನು ಮೂರು ಅಳತೆಗಳ ಮೇಲೆ ನಿಲ್ಲಿಸಿದೆ: ನಿರ್ದಿಷ್ಟ ಜನರು, ನಿರ್ದಿಷ್ಟ ಸನ್ನಿವೇಶದಲ್ಲಿ, ತಮ್ಮ ನಿರ್ದಿಷ್ಟ ಕೆಲಸವನ್ನು ಎಷ್ಟರ ಮಟ್ಟಿಗೆ ಮಾಡಿ ಮುಗಿಸಿದರು, ಅದಕ್ಕೆ ಎಷ್ಟು ಶ್ರಮ ಮತ್ತು ಸಮಯ ತಗುಲಿತು, ಕೊನೆಯಲ್ಲಿ ಅವರಿಗೆ ಸಮಾಧಾನವಾಯಿತೇ ಎಂಬುವೇ ಆ ಮೂರು. ಇಲ್ಲಿ ‘ನಿರ್ದಿಷ್ಟ’ ಎಂಬ ಪದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮೇಜಿನ ಮುಂದೆ ಕುಳಿತು, ನೆರಳಿನಲ್ಲಿ, ಎರಡೂ ಕೈಗಳಿಂದ ಬಳಸುವಾಗ ಸಲೀಸಾಗಿ ಕಂಡ ಆ್ಯಪ್, ಸುಡುಬಿಸಿಲಿನಲ್ಲಿ ಒಂದು ಕೈಯಲ್ಲಿ ಚೀಲ ಹಿಡಿದು ನಿಂತವರಿಗೆ ಯಾವ ಕೆಲಸಕ್ಕೂ ಬಾರದೇ ಹೋಗಬಹುದು.

ಅಂದದ ವಿಷಯ ಸ್ವಲ್ಪ ಕುತೂಹಲಕರವಾಗಿದೆ. 1995ರಲ್ಲಿ ಜಪಾನಿನ ಮಸಾಕಿ ಕುರೊಸು ಮತ್ತು ಕಾವೊರಿ ಕಾಶಿಮುರಾ ಎಟಿಎಂ ತೆರೆಯ 26 ಬಗೆಯ ಜೋಡಣೆಗಳನ್ನು ಜನರಿಗೆ ತೋರಿಸಿ, ಯಾವುದು ಚೆಂದ, ಯಾವುದು ಸುಲಭ ಎಂದು ಕೇಳಿದರು. ಚೆಂದ ಎನಿಸಿದ್ದನ್ನೇ ಜನ ಸುಲಭವೆಂದೂ ಭಾವಿಸಿದರು. ಆ ಭಾವನೆಗೂ ಜೋಡಣೆಯ ನಿಜವಾದ ಸುಲಭತೆಗೂ ಇದ್ದ ನಂಟು ಅಷ್ಟು ಗಟ್ಟಿಯಾಗಿರಲಿಲ್ಲ. ಅಂಗಡಿಯಲ್ಲಿ ಐದು ನಿಮಿಷ ಮುಟ್ಟಿ ನೋಡಿ ಕೊಂಡ ವಸ್ತು ಮನೆಗೆ ಬಂದ ಮೇಲೆ ಬೇರೆಯೇ ಮುಖ ತೋರಿಸುವುದು ಏಕೆಂಬುದಕ್ಕೆ ಇದರಲ್ಲಿ ಅರ್ಧ ಉತ್ತರವಿದೆ.

ತಳ್ಳಬೇಕಾದ ಬಾಗಿಲನ್ನು ಪ್ರತಿ ಸಲವೂ ಎಳೆಯುತ್ತೇನೆ. ‘ತಳ್ಳಿ’ ಎಂದು ಬರೆದಿದ್ದರೂ ಹೀಗಾಗುತ್ತದೆ. ಗಮನ ಕೊಡದಿರುವುದು ನನ್ನ ತಪ್ಪಲ್ಲವೇ?

ಅಲ್ಲ. ಬಾಗಿಲಿಗೆ ಹಿಡಿಕೆ ಇದ್ದರೆ ಕೈ ಅದನ್ನು ಹಿಡಿದು ಎಳೆಯುತ್ತದೆ, ಚಪ್ಪಟೆಯಾದ ತಗಡು ಇದ್ದರೆ ಅಂಗೈ ಅದನ್ನು ತಳ್ಳುತ್ತದೆ. ಕಣ್ಣು ಅಕ್ಷರವನ್ನು ಓದಿ ಮುಗಿಸುವ ಮೊದಲೇ ಕೈ ಆಕಾರವನ್ನು ಓದಿರುತ್ತದೆ. ಹಿಡಿಕೆಯನ್ನು ಇಟ್ಟು, ಅದರ ಮೇಲೆ ‘ತಳ್ಳಿ’ ಎಂದು ಬರೆದವರು ಒಂದೇ ಬಾಗಿಲಿನಿಂದ ಎರಡು ಮಾತು ಆಡಿಸಿದ್ದಾರೆ. ಇಂತಹ ಬಾಗಿಲುಗಳಿಗೆ ವಿನ್ಯಾಸಕಾರರ ನಡುವೆ ‘ನಾರ್ಮನ್ ಬಾಗಿಲು’ ಎಂಬ ಹೆಸರೇ ಬಿದ್ದುಹೋಗಿದೆ. ಡೊನಾಲ್ಡ್ ನಾರ್ಮನ್ ಎಂಬ ಮನೋವಿಜ್ಞಾನಿ 1988ರಲ್ಲಿ ಈ ಬಗೆಯ ಎಡವಟ್ಟುಗಳನ್ನು ಗಂಭೀರವಾಗಿ ಚರ್ಚಿಸಿದ್ದೇ ಅದಕ್ಕೆ ಕಾರಣ.

ಒಂದು ವಸ್ತು ತನ್ನನ್ನು ಹೇಗೆ ಬಳಸಲು ಅವಕಾಶ ಕೊಡುತ್ತದೆ ಎಂಬುದಕ್ಕೆ ಜೇಮ್ಸ್ ಗಿಬ್ಸನ್ ಎಂಬ ಮನೋವಿಜ್ಞಾನಿ ‘ಅಫರ್ಡೆನ್ಸ್’ ಎಂಬ ಪದವನ್ನು ಹುಟ್ಟಿಸಿದ್ದರು. ಅವಕಾಶ ಇರುವುದು ಒಂದು, ಅದು ಕಾಣುವುದು ಇನ್ನೊಂದು ಎಂಬುದನ್ನು ನಾರ್ಮನ್ ಮುಂದೆ ಬೇರ್ಪಡಿಸಿ, ಕಾಣುವ ಸೂಚನೆಗೆ ‘ಸಿಗ್ನಿಫೈಯರ್’ ಎಂದು ಹೆಸರಿಟ್ಟರು. ಫೋನಿನ ತೆರೆಯಲ್ಲಿ ಈ ವ್ಯತ್ಯಾಸ ಬಾಗಿಲಿಗಿಂತಲೂ ಹೆಚ್ಚು ಕಾಡುತ್ತದೆ, ಏಕೆಂದರೆ ಗಾಜಿನ ಯಾವ ಭಾಗವನ್ನು ಬೇಕಾದರೂ ಮುಟ್ಟಬಹುದು, ಆದರೆ ಎಲ್ಲಿ ಮುಟ್ಟಿದರೆ ಏನಾದರೂ ನಡೆಯುತ್ತದೆ ಎಂಬುದನ್ನು ಗಾಜು ಹೇಳುವುದಿಲ್ಲ. ಗುಂಡಿಗೂ ಬರಿಯ ಬರಹಕ್ಕೂ ವ್ಯತ್ಯಾಸವೇ ಕಾಣದಂತೆ ಎಲ್ಲವನ್ನೂ ಚಪ್ಪಟೆ ಮಾಡಿದ ತೆರೆಗಳಲ್ಲಿ ಜನ ಅಲ್ಲಲ್ಲಿ ಒತ್ತಿ ನೋಡುತ್ತಾ ಹೋಗುವುದು ಇದರಿಂದಲೇ.

ಇವೆಲ್ಲ ಸಣ್ಣಪುಟ್ಟ ಕಿರಿಕಿರಿಗಳಲ್ಲವೇ? ಇಷ್ಟೊಂದು ಯೋಚಿಸುವ ಅಗತ್ಯವಿದೆಯೇ?

ಬಾಗಿಲಿನಲ್ಲಿ ಕಿರಿಕಿರಿಯಾದದ್ದು ವಿಮಾನದಲ್ಲಿ ಅಪಘಾತವಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೂ ಹೊಟ್ಟೆಯ ಮೇಲೆ ಕುಸಿದು ಹಾಳಾಗುತ್ತಿದ್ದವು. ಇಳಿದ ಬಳಿಕ ರೆಕ್ಕೆಯ ಫ್ಲ್ಯಾಪ್‌ಗಳನ್ನು ಒಳಸರಿಸಬೇಕಾದ ಪೈಲಟ್‌ಗಳು ಚಕ್ರಗಳನ್ನೇ ಒಳಕ್ಕೆಳೆದುಬಿಡುತ್ತಿದ್ದರು. ದಾಖಲೆಗಳಲ್ಲಿ ಇದು ‘ಪೈಲಟ್‌ನ ತಪ್ಪು’. ಆದರೆ ಆಲ್ಫಾನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ ಚಾಲಕನ ಕೋಣೆಯನ್ನು ನೋಡಿದಾಗ, ಆ ಎರಡೂ ಕೆಲಸಗಳ ಸ್ವಿಚ್ಚುಗಳು ಅಕ್ಕಪಕ್ಕದಲ್ಲಿ, ಒಂದೇ ಆಕಾರದಲ್ಲಿ ಇದ್ದವು. ಅವರು ಸೂಚಿಸಿದ ಪರಿಹಾರ ಅತಿ ಅಗ್ಗದ್ದು: ಚಕ್ರದ ನಿಯಂತ್ರಣಕ್ಕೆ ಒಂದು ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪಿನ ನಿಯಂತ್ರಣಕ್ಕೆ ಬೆಣೆಯಾಕಾರದ ತುಂಡು. ದಣಿದ ಪೈಲಟ್ ಕತ್ತಲಲ್ಲಿ ತಡವಿದರೂ ಬೆರಳಿಗೆ ವ್ಯತ್ಯಾಸ ತಿಳಿಯುತ್ತಿತ್ತು. ಇಂದಿನ ಪ್ರಯಾಣಿಕ ವಿಮಾನಗಳಲ್ಲೂ ಲ್ಯಾಂಡಿಂಗ್ ಗೇರ್‌ನ ಹಿಡಿಕೆ ಚಕ್ರದ ಆಕಾರದಲ್ಲಿಯೇ ಇರುತ್ತದೆ. ತರಬೇತಿ ಹೆಚ್ಚಿಸಿ, ಎಚ್ಚರಿಕೆಯ ಸುತ್ತೋಲೆ ಹೊರಡಿಸಿ, ತಪ್ಪಿತಸ್ಥರಿಗೆ ದಂಡ ಹಾಕಿ ಇದನ್ನು ಬಗೆಹರಿಸಲು ಹೊರಟಿದ್ದರೆ ಎಷ್ಟು ಕಾಲ ಹಿಡಿಯುತ್ತಿತ್ತೋ.

ನಾಲ್ಕು ಬರ್ನರ್‌ಗಳ ಒಲೆಯಲ್ಲಿ ಯಾವ ತಿರುಪು ಯಾವುದಕ್ಕೆ ಎಂಬುದು ವರ್ಷಗಳ ನಂತರವೂ ಗೊಂದಲವಾಗುತ್ತದೆ. ಏಕೆ?

ಬರ್ನರ್‌ಗಳು ಚೌಕಾಕಾರದಲ್ಲಿವೆ, ತಿರುಪುಗಳು ಒಂದೇ ಸಾಲಿನಲ್ಲಿವೆ. ನಾಲ್ಕು ತಿರುಪುಗಳನ್ನು ನಾಲ್ಕು ಬರ್ನರ್‌ಗಳಿಗೆ ಹೊಂದಿಸಲು 24 ಬಗೆಗಳಿವೆ, ನಿಮ್ಮ ಒಲೆ ಅವುಗಳಲ್ಲಿ ಯಾವುದೆಂದು ಅದರ ರೂಪ ಹೇಳುವುದಿಲ್ಲ. ಆದ್ದರಿಂದ ಪಕ್ಕದಲ್ಲಿ ಪುಟ್ಟ ಚುಕ್ಕೆಗಳ ಚಿತ್ರ ಬರೆದಿರುತ್ತಾರೆ, ಅದು ಎಣ್ಣೆ ಜಿಡ್ಡಿನಿಂದ ವರ್ಷದೊಳಗೆ ಅಳಿಸಿಹೋಗುತ್ತದೆ. ಇದೇ ಚಪಾನಿಸ್ 1959ರಲ್ಲಿ ಲಿಂಡನ್‌ಬಾಮ್ ಜೊತೆ ಸೇರಿ ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದರು. ಹಿಂದಿನ ಎರಡು ಬರ್ನರ್‌ಗಳನ್ನು ಮುಂದಿನವುಗಳಿಗಿಂತ ತುಸು ಪಕ್ಕಕ್ಕೆ ಸರಿಸಿ, ಪ್ರತಿಯೊಂದೂ ತನ್ನ ತಿರುಪಿನ ನೇರಕ್ಕೆ ಬರುವಂತೆ ಜೋಡಿಸಿದಾಗ ಭಾಗವಹಿಸಿದವರು ತಪ್ಪನ್ನೇ ಮಾಡಲಿಲ್ಲ. ಉತ್ತರ ಸಿಕ್ಕಿ ಆರು ದಶಕಗಳು ಕಳೆದಿವೆ. ಆದರೂ ಮಾರಾಟಕ್ಕಿರುವ ಒಲೆಗಳಲ್ಲಿ ಹೆಚ್ಚಿನವು ಇಂದಿಗೂ ಅಚ್ಚುಕಟ್ಟಾದ ಚೌಕಗಳೇ. ಸಮರೂಪ ಕಣ್ಣಿಗೆ ಹಿತ, ಮತ್ತು ಒಲೆಯನ್ನು ಕೊಳ್ಳುವಾಗ ಯಾರೂ ಹಚ್ಚಿ ನೋಡುವುದಿಲ್ಲ.

ಒಮ್ಮೆ ಒತ್ತಿದಾಗ ಏನೂ ಆಗದಿದ್ದರೆ ಮತ್ತೆ ಮತ್ತೆ ಒತ್ತುತ್ತೇನೆ. ಆಮೇಲೆ ಕೆಲಸ ಮೂರು ಸಲ ಆಗಿರುತ್ತದೆ. ಇದಕ್ಕೆ ಏನು ಹೇಳುತ್ತೀರಿ?

ಕೇಳಿಸಿಕೊಂಡೆ ಎಂದು ವಸ್ತು ಹೇಳದಿದ್ದರೆ ಮನುಷ್ಯ ಮತ್ತೆ ಕೂಗುವುದು ಸಹಜ. ಈ ವಿಷಯದಲ್ಲಿ ವಿನ್ಯಾಸಕಾರರು ಮೂರು ಗಡಿಗಳನ್ನು ನೆನಪಿಟ್ಟುಕೊಳ್ಳುತ್ತಾರೆ. ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಪ್ರತಿಕ್ರಿಯೆ ಬಂದರೆ ತಾನು ಮುಟ್ಟಿದ್ದರಿಂದಲೇ ಅದು ನಡೆಯಿತು ಎಂದು ಅನಿಸುತ್ತದೆ. ಒಂದು ಸೆಕೆಂಡಿನೊಳಗಾದರೆ ತಡ ಗಮನಕ್ಕೆ ಬಂದರೂ ಯೋಚನೆಯ ಎಳೆ ತುಂಡಾಗುವುದಿಲ್ಲ. ಹತ್ತು ಸೆಕೆಂಡು ದಾಟಿದರೆ ಮನಸ್ಸು ಬೇರೆ ಕಡೆಗೆ ಹೊರಟುಹೋಗುತ್ತದೆ. ಈ ಅಂಕಿಗಳ ಬೇರು ರಾಬರ್ಟ್ ಮಿಲ್ಲರ್ 1968ರಲ್ಲಿ ಬರೆದ ಪ್ರಬಂಧದಲ್ಲಿದೆ, ಅವನ್ನು ಪ್ರಚಾರಕ್ಕೆ ತಂದವರು ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್. ಕಂಪ್ಯೂಟರುಗಳ ವೇಗ ಅಂದಿನಿಂದ ಎಷ್ಟೋ ಪಟ್ಟು ಏರಿದ್ದರೂ ಈ ಗಡಿಗಳು ಬದಲಾಗಿಲ್ಲ, ಏಕೆಂದರೆ ಅವು ಯಂತ್ರದ ಗಡಿಗಳಲ್ಲ. ಹೆಚ್ಚು ಹೊತ್ತು ಹಿಡಿಯುವ ಕೆಲಸಕ್ಕೆ ಎಷ್ಟು ಭಾಗ ಮುಗಿದಿದೆ ಎಂದು ತೋರಿಸುವ ಪಟ್ಟಿಯನ್ನು ಜನ ಇಷ್ಟಪಡುತ್ತಾರೆ ಎಂಬುದನ್ನು ಬ್ರ್ಯಾಡ್ ಮೈಯರ್ಸ್ 1985ರಲ್ಲಿಯೇ ತೋರಿಸಿದ್ದರು.

ಆದರೆ ಪ್ರತಿಕ್ರಿಯೆ ಬೇಗ ಬಂದರೆ ಸಾಲದು, ಅದು ನಿಜವೂ ಆಗಿರಬೇಕು. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣುವಿದ್ಯುತ್ ಕೇಂದ್ರದಲ್ಲಿ ಒಂದು ಕವಾಟ ತೆರೆದಂತೆಯೇ ಸಿಕ್ಕಿಕೊಂಡಿತು. ನಿಯಂತ್ರಣ ಕೊಠಡಿಯ ದೀಪವು ಕವಾಟದ ನಿಜವಾದ ಸ್ಥಿತಿಯನ್ನು ತೋರಿಸುತ್ತಿರಲಿಲ್ಲ, ಕವಾಟಕ್ಕೆ ಹೋದ ವಿದ್ಯುತ್ ಆಜ್ಞೆಯನ್ನಷ್ಟೇ ತೋರಿಸುತ್ತಿತ್ತು. ದೀಪ ಆರಿದ್ದನ್ನು ಕಂಡ ಸಿಬ್ಬಂದಿ ಕವಾಟ ಮುಚ್ಚಿದೆ ಎಂದು ನಂಬಿದರು. ಎರಡು ಗಂಟೆಗೂ ಹೆಚ್ಚು ಕಾಲ ತಂಪು ಮಾಡುವ ನೀರು ಹೊರಹೋಗುತ್ತಲೇ ಇತ್ತು, ರಿಯಾಕ್ಟರಿನ ತಿರುಳಿನ ಒಂದು ಭಾಗ ಕರಗಿತು. ಆ್ಯಪ್ ಒಂದು ‘ಕಳುಹಿಸಲಾಗಿದೆ’ ಎಂದು ತೋರಿಸಿದಾಗ, ಸಂದೇಶ ನಿಜಕ್ಕೂ ತಲುಪಿದೆಯೋ ಅಥವಾ ಫೋನು ತನ್ನ ಆಸೆಯನ್ನು ಹೇಳುತ್ತಿದೆಯೋ ಎಂಬ ಪ್ರಶ್ನೆಯೂ ಇದೇ ಜಾತಿಯದು.

ಲಿಫ್ಟಿನಲ್ಲಿ ಬಾಗಿಲು ಮುಚ್ಚುವ ಗುಂಡಿ ನಿಜವಾಗಿ ಕೆಲಸ ಮಾಡುತ್ತದೆಯೇ?

ಎಲ್ಲೆಡೆ ಒಂದೇ ಉತ್ತರವಿಲ್ಲ. ಅಮೆರಿಕದಲ್ಲಿ ಅಂಗವಿಕಲರ ಹಕ್ಕುಗಳ 1990ರ ಕಾಯಿದೆ ಬಂದ ಮೇಲೆ, ಊರುಗೋಲು ಅಥವಾ ಗಾಲಿಕುರ್ಚಿ ಬಳಸುವವರಿಗೆ ಒಳಬರಲು ಸಾಕಷ್ಟು ಸಮಯ ಸಿಗುವಂತೆ ಬಾಗಿಲು ತೆರೆದಿರಲೇಬೇಕಾಯಿತು, ಹಾಗಾಗಿ ಅಲ್ಲಿ ಪ್ರಯಾಣಿಕರು ಆ ಗುಂಡಿಯನ್ನು ಒತ್ತಿದರೆ ಬಹುತೇಕ ಕಡೆ ಏನೂ ಆಗುವುದಿಲ್ಲ. ಬಾಗಿಲು ಹೇಗಿದ್ದರೂ ಸ್ವಲ್ಪ ಹೊತ್ತಿನಲ್ಲಿ ಮುಚ್ಚುವುದರಿಂದ ಒತ್ತಿದವರಿಗೆ ತಾವೇ ಮುಚ್ಚಿದ ತೃಪ್ತಿ.

ದೋಷ ಸಂದೇಶಗಳು ಅರ್ಥವಾಗದಂತೆ ಏಕಿರುತ್ತವೆ?

ಅವನ್ನು ಬರೆಯುವವರು ಪ್ರೋಗ್ರಾಂ ಮಾಡಿದವರೇ ಆಗಿರುತ್ತಾರೆ, ಮತ್ತು ತಮಗೆ ಬೇಕಾದ ಮಾಹಿತಿಯನ್ನು ತಮ್ಮ ಭಾಷೆಯಲ್ಲಿ ಬರೆದುಕೊಂಡಿರುತ್ತಾರೆ. ಒಳ್ಳೆಯ ಸಂದೇಶ ಏನು ತಪ್ಪಾಯಿತು, ಈಗ ನಾನು ಮಾಡಬೇಕಾದದ್ದೇನು, ಇಲ್ಲಿಯವರೆಗೆ ಮಾಡಿದ ಕೆಲಸ ಉಳಿದಿದೆಯೇ ಎಂಬುದನ್ನು ಹೇಳುತ್ತದೆ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಒಮ್ಮೆ ನಾನು ಮೂರು ಪುಟಗಳ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿ ಒಪ್ಪಿಸಿದಾಗ ‘ಅಮಾನ್ಯ ನಮೂದು’ ಎಂಬ ಎರಡು ಪದಗಳಷ್ಟೇ ಬಂದವು, ಹಿಂದಕ್ಕೆ ಹೋಗಿ ನೋಡಿದರೆ ಮೂರೂ ಪುಟಗಳು ಖಾಲಿ. ಫೋನ್ ಸಂಖ್ಯೆಯ ನಡುವೆ ನಾನು ಒಂದು ಖಾಲಿ ಜಾಗ ಬಿಟ್ಟಿದ್ದೆ ಎಂಬುದು ನಾಲ್ಕನೆಯ ಪ್ರಯತ್ನದಲ್ಲಿ ತಿಳಿಯಿತು. ಆ ಖಾಲಿ ಜಾಗವನ್ನು ತೆಗೆದುಹಾಕುವುದು ಕಂಪ್ಯೂಟರಿಗೆ ಒಂದು ಸಾಲಿನ ಕೆಲಸ.

ಅರ್ಥವಾಗದ ಸಂದೇಶಗಳು ಪದೇ ಪದೇ ಬಂದರೆ ಇನ್ನೊಂದು ಅಪಾಯವಿದೆ: ಜನ ಅವನ್ನು ಓದುವುದನ್ನೇ ಬಿಟ್ಟುಬಿಡುತ್ತಾರೆ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ 1985ರಿಂದ 1987ರ ನಡುವೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಕೊಟ್ಟಿತು, ಅವರಲ್ಲಿ ಕೆಲವರು ಸತ್ತರು. ಮೂಲ ದೋಷವಿದ್ದದ್ದು ತಂತ್ರಾಂಶದಲ್ಲಿ. ಆದರೆ ಯಂತ್ರದ ತೆರೆಯಲ್ಲಿ ಬರುತ್ತಿದ್ದದ್ದು ‘ಮಾಲ್‌ಫಂಕ್ಷನ್ 54’ ಎಂಬಂತಹ ಸಂಖ್ಯೆಗಳು ಮಾತ್ರ. ಅವುಗಳ ಅರ್ಥವನ್ನು ಕೈಪಿಡಿಯೂ ಬಿಡಿಸಿ ಹೇಳುತ್ತಿರಲಿಲ್ಲ. ಇಂತಹ ಸಂದೇಶಗಳು ದಿನನಿತ್ಯ ಬರುತ್ತಿದ್ದುದರಿಂದ, ಒಂದು ಕೀಲಿ ಒತ್ತಿ ಮುಂದುವರಿಯುವುದು ನಿರ್ವಾಹಕರಿಗೆ ರೂಢಿಯಾಗಿಹೋಗಿತ್ತು.

ಅಪಾಯದ ಕೆಲಸಕ್ಕೆ ಮೊದಲು ‘ಖಚಿತವೇ?’ ಎಂದು ಕೇಳಿದರೆ ಸಾಕಲ್ಲವೇ?

ಸಾಲದು. ದಿನಕ್ಕೆ ಇಪ್ಪತ್ತು ಸಲ ಅದೇ ಪ್ರಶ್ನೆಗೆ ‘ಹೌದು’ ಎಂದವರ ಬೆರಳು ಇಪ್ಪತ್ತೊಂದನೆಯ ಸಲವೂ ಯೋಚಿಸದೆ ‘ಹೌದು’ ಎನ್ನುತ್ತದೆ. ಅದಕ್ಕಿಂತ ಹೆಚ್ಚಾಗಿ, ತಪ್ಪು ತಿಳಿವಳಿಕೆಯಲ್ಲಿ ಇರುವವನಿಗೆ ತನ್ನ ನಿರ್ಧಾರ ಖಚಿತವೇ ಆಗಿರುತ್ತದೆ. 2018ರ ಜನವರಿ 13ರಂದು ಹವಾಯಿಯಲ್ಲಿ ಕ್ಷಿಪಣಿ ಬರುತ್ತಿದೆ ಎಂಬ ಸುಳ್ಳು ಎಚ್ಚರಿಕೆ ಎಲ್ಲರ ಫೋನುಗಳಿಗೂ ಹೋಯಿತು. ಅಣಕು ಕವಾಯತನ್ನು ನಿಜವೆಂದು ಭಾವಿಸಿದ ಸಿಬ್ಬಂದಿಯೊಬ್ಬರು ಎಚ್ಚರಿಕೆ ಕಳುಹಿಸುವ ಆಯ್ಕೆಯನ್ನು ಒತ್ತಿ, ತೆರೆ ಕೇಳಿದ ‘ಖಚಿತವೇ’ ಎಂಬ ಪ್ರಶ್ನೆಗೂ ಒಪ್ಪಿಗೆ ಕೊಟ್ಟಿದ್ದರು. ನಿಜವಾದ ವೈಫಲ್ಯ ಆಮೇಲಿನದು: ‘ಅದು ತಪ್ಪು ಎಚ್ಚರಿಕೆ’ ಎಂದು ತಿಳಿಸುವ ಸಿದ್ಧ ಸಂದೇಶ ವ್ಯವಸ್ಥೆಯಲ್ಲಿ ಇರಲೇ ಇಲ್ಲ, ಫೋನುಗಳಿಗೆ ತಿದ್ದುಪಡಿ ತಲುಪಲು 38 ನಿಮಿಷ ಹಿಡಿಯಿತು.

ಆದ್ದರಿಂದ ಸಾಧ್ಯವಿರುವಲ್ಲೆಲ್ಲ ಪ್ರಶ್ನೆ ಕೇಳುವ ಬದಲು ಮಾಡಿದ್ದನ್ನು ಹಿಂತೆಗೆದುಕೊಳ್ಳುವ ದಾರಿಯನ್ನು ಕೊಡುವುದು ಮೇಲು. ಅಳಿಸಿದ ಕಡತ ಮೂವತ್ತು ದಿನ ಕಸದಬುಟ್ಟಿಯಲ್ಲಿ ಉಳಿಯುವುದು, ಕಳುಹಿಸಿದ ಮಿಂಚಂಚೆಯನ್ನು ಕೆಲವು ಸೆಕೆಂಡುಗಳವರೆಗೆ ತಡೆಯಬಹುದಾದದ್ದು, ಬರೆಯುವಾಗ ಒಂದೊಂದೇ ಹೆಜ್ಜೆ ಹಿಂದೆ ಹೋಗಬಹುದಾದದ್ದು, ಇವೆಲ್ಲ ಅಂತಹ ದಾರಿಗಳು. ಹಿಂತೆಗೆಯಲಾಗದ ಕೆಲಸಗಳಿಗೆ ಮಾತ್ರ ಪ್ರಶ್ನೆಯನ್ನು ಮೀಸಲಿಟ್ಟು, ಗುಂಡಿಗಳ ಮೇಲೆ ‘ಹೌದು’, ‘ಬೇಡ’ ಎನ್ನುವ ಬದಲು ‘ಅಳಿಸು’, ‘ಇರಲಿ’ ಎಂದು ಕ್ರಿಯೆಯನ್ನೇ ಬರೆದರೆ ಆ ಪ್ರಶ್ನೆಗೂ ಬೆಲೆ ಬರುತ್ತದೆ.

ಎಟಿಎಂ ಮೊದಲು ಕಾರ್ಡನ್ನು ಹಿಂದಿರುಗಿಸಿ ಆಮೇಲೆ ಹಣ ಕೊಡುವುದು ಏಕೆ?

ಹಣ ಕೈಗೆ ಬಂದ ಕೂಡಲೇ ಬಂದ ಕೆಲಸ ಮುಗಿಯಿತು ಎಂದು ಮನಸ್ಸಿಗೆ ಅನಿಸುತ್ತದೆ. ಹಣ ಮೊದಲು ಬಂದರೆ ಅನೇಕರು ಅದನ್ನು ಎಣಿಸುತ್ತಾ, ಕಾರ್ಡನ್ನು ಯಂತ್ರದಲ್ಲೇ ಬಿಟ್ಟು ನಡೆದುಬಿಡುತ್ತಾರೆ. ಕ್ರಮವನ್ನು ತಿರುಗಿಸಿದರೆ, ಕಾರ್ಡು ತೆಗೆದುಕೊಳ್ಳುವ ತನಕ ಗುರಿ ಮುಟ್ಟುವುದಿಲ್ಲ, ಮರೆಯುವ ಪ್ರಶ್ನೆಯೇ ಬಾರದು. ಜೆರಾಕ್ಸ್ ಯಂತ್ರದ ಮುಚ್ಚಳದ ಕೆಳಗೆ ಮೂಲಪತ್ರ ಉಳಿದುಹೋಗುವುದೂ ಇದೇ ಬಗೆಯ ಮರೆವು: ಪ್ರತಿ ಕೈಗೆ ಬಂದಿರುತ್ತದೆ, ಕೆಲಸ ಮುಗಿದಿರುತ್ತದೆ. ಇಡೀ ಪುಟದಲ್ಲಿ ನನಗೆ ಅತಿ ಪ್ರಿಯವಾದ ಉದಾಹರಣೆ ಈ ಎಟಿಎಂನದು, ಏಕೆಂದರೆ ಯಾರಿಗೂ ಬುದ್ಧಿ ಹೇಳದೆ, ಬರಿಯ ಅನುಕ್ರಮವನ್ನು ಬದಲಿಸಿ ಅದು ಸಾವಿರಾರು ಮರೆವುಗಳನ್ನು ತಪ್ಪಿಸುತ್ತದೆ.

ಕೆಟ್ಟದ್ದೆಂದು ಗೊತ್ತಿದ್ದರೂ ಕೆಲವು ವಿನ್ಯಾಸಗಳು ಏಕೆ ಬದಲಾಗುವುದಿಲ್ಲ?

ಕಲಿತವರ ಸಂಖ್ಯೆ ದೊಡ್ಡದಾದಷ್ಟೂ ಬದಲಾವಣೆ ದುಬಾರಿಯಾಗುತ್ತದೆ. ಇಂಗ್ಲಿಷ್ ಕೀಲಿಮಣೆಯ ಕ್ವರ್ಟಿ (ಮೇಲಿನ ಅಕ್ಷರ ಸಾಲಿನ ಮೊದಲ ಆರು ಅಕ್ಷರಗಳಾದ QWERTYಯಿಂದ ಬಂದ ಹೆಸರು) ಜೋಡಣೆ 1870ರ ದಶಕದ ಬೆರಳಚ್ಚು ಯಂತ್ರದ್ದು. ಕ್ರಿಸ್ಟೊಫರ್ ಶೋಲ್ಸ್ 1878ರಲ್ಲಿ ಪಡೆದ ಪೇಟೆಂಟಿನಲ್ಲಿ ಅದನ್ನು ಕಾಣಬಹುದು. ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲೆಂದು ಹೀಗೆ ಜೋಡಿಸಲಾಯಿತು ಎಂಬ ಕಥೆ ಪ್ರಚಲಿತವಾಗಿದೆ, ಆದರೆ ಅದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 1936ರಲ್ಲಿ ಪೇಟೆಂಟ್ ಪಡೆದ ಡ್ವೊರಾಕ್ ಜೋಡಣೆ ಬೆರಳುಗಳ ಓಡಾಟವನ್ನು ಕಡಿಮೆ ಮಾಡುತ್ತದಾದರೂ ಜನ ಅದರತ್ತ ಹೊರಳಲಿಲ್ಲ. ಫೋನಿನಲ್ಲಿ 1, 2, 3 ಮೇಲಿನ ಸಾಲಿನಲ್ಲಿರುವುದು, ಕ್ಯಾಲ್ಕುಲೇಟರಿನಲ್ಲಿ ಅವೇ ಅಂಕಿಗಳು ಕೆಳಗಿರುವುದು ಇನ್ನೊಂದು ಉದಾಹರಣೆ. ಅಮೆರಿಕದ ಬೆಲ್ ದೂರವಾಣಿ ಪ್ರಯೋಗಾಲಯದವರು ಹಲವು ಜೋಡಣೆಗಳನ್ನು ಪರೀಕ್ಷಿಸಿ 1960ರಲ್ಲಿ ವರದಿ ಮಾಡಿದರು, 1963ರಲ್ಲಿ ಗುಂಡಿಗಳ ಫೋನು ಮಾರುಕಟ್ಟೆಗೆ ಬಂತು. ಅಷ್ಟು ಹೊತ್ತಿಗೆ ಲೆಕ್ಕದ ಯಂತ್ರಗಳು ತಮ್ಮದೇ ಸಂಪ್ರದಾಯವನ್ನು ಹಿಡಿದಾಗಿತ್ತು. ಎರಡೂ ಇಂದು ಒಂದೇ ಫೋನಿನೊಳಗೆ, ಎರಡು ಆ್ಯಪ್‌ಗಳಾಗಿ, ಒಂದಕ್ಕೊಂದು ತಿರುಗಿ ನಿಂತಿವೆ.

ಬದಲಾವಣೆ ಆಗುವುದೇ ಇಲ್ಲ ಎಂದಲ್ಲ. 1996ರ ಯುಎಸ್‌ಬಿ ಪ್ಲಗ್ಗನ್ನು ಎರಡು ಸಲ ತಿರುಗಿಸಿ ಮೂರನೆಯ ಸಲ ಸರಿಯಾಗಿ ತೂರಿಸಿದ ಅನುಭವ ಎಲ್ಲರಿಗೂ ಇದೆ. ಹೇಗೆ ಹಿಡಿದರೂ ಹೊಂದುವ ಯುಎಸ್‌ಬಿ-ಸಿ ಬಂದದ್ದು 2014ರಲ್ಲಿ. ಹದಿನೆಂಟು ವರ್ಷ.

ಉಳಿಸುವ ಗುಂಡಿಗೆ ಇನ್ನೂ ಫ್ಲಾಪಿಯ ಚಿತ್ರ ಏಕೆ? ಇಂದಿನ ಮಕ್ಕಳು ಫ್ಲಾಪಿಯನ್ನು ನೋಡಿಯೇ ಇಲ್ಲವಲ್ಲ?

ಚಿಹ್ನೆಗೆ ಅರ್ಥ ಬರುವುದು ಹೋಲಿಕೆಯಿಂದ ಮಾತ್ರವಲ್ಲ, ರೂಢಿಯಿಂದಲೂ ಬರುತ್ತದೆ. ಗಾದೆಯಲ್ಲಿ ಬರುವ ಹಳೆಯ ಅಳತೆಯ ಹೆಸರು ಅಳತೆ ಮರೆತ ಮೇಲೂ ಉಳಿಯುವಂತೆ, ಹಿಂದೆ ಕಡತಗಳನ್ನು ಉಳಿಸಿಡುತ್ತಿದ್ದ ಫ್ಲಾಪಿ ತಟ್ಟೆ ಹೋದರೂ ಅದರ ಚಿತ್ರ ‘ಉಳಿಸು’ ಎಂಬ ಅಕ್ಷರವೇ ಆಗಿಬಿಟ್ಟಿದೆ. ತೊಂದರೆ ಇರುವುದು ರೂಢಿಯಾಗದ ಚಿಹ್ನೆಗಳಲ್ಲಿ. ಮೂರು ಅಡ್ಡಗೆರೆಗಳ ಮೆನು ಚಿಹ್ನೆಯನ್ನು ನಾರ್ಮ್ ಕಾಕ್ಸ್ ಜೆರಾಕ್ಸ್ ಸಂಸ್ಥೆಯ 1981ರ ಸ್ಟಾರ್ ಕಂಪ್ಯೂಟರಿಗಾಗಿ ಬರೆದರು, ಅದು ಜನಬಳಕೆಗೆ ಬಂದದ್ದು ಸ್ಮಾರ್ಟ್‌ಫೋನುಗಳ ಕಾಲದಲ್ಲಿ, ಮತ್ತು ಈಗಲೂ ಅದರ ಹಿಂದೆ ಏನಿದೆಯೆಂದು ಊಹಿಸದವರು ಇದ್ದಾರೆ. ಚಿಹ್ನೆಯ ಕೆಳಗೆ ಒಂದು ಪದ ಬರೆಯುವುದು ಇದಕ್ಕೆ ಸುಲಭದ ಮದ್ದು.

ಗುಂಡಿಗಳೆಲ್ಲ ಹೋಗಿ ಎಲ್ಲ ಕಡೆ ಸ್ಪರ್ಶತೆರೆಯೇ ಬರುತ್ತಿದೆ. ಇದು ಒಳ್ಳೆಯದೇ?

ಕಣ್ಣಿಟ್ಟು ನೋಡಬಹುದಾದ ಕೆಲಸಗಳಿಗೆ ಒಳ್ಳೆಯದೇ. ನಕ್ಷೆ, ಚಿತ್ರ, ಓದು ಇವಕ್ಕೆ ತೆರೆಗಿಂತ ಉತ್ತಮವಾದದ್ದಿಲ್ಲ. ಕಣ್ಣು ಬೇರೆಡೆ ಇರಬೇಕಾದ ಕೆಲಸಕ್ಕೆ ಮಾತ್ರ ಅದು ಅಪಾಯಕಾರಿ, ಏಕೆಂದರೆ ಗಾಜಿನ ಮೇಲೆ ಬೆರಳಿಗೆ ಯಾವ ಗುರುತೂ ಸಿಗುವುದಿಲ್ಲ. ಬಿ-17ರ ಪೈಲಟ್‌ಗೆ ರಬ್ಬರ್ ಚಕ್ರದಿಂದ ಸಿಕ್ಕಿದ್ದು ಇಲ್ಲಿ ಮತ್ತೆ ಕಳೆದುಹೋಗುತ್ತದೆ.

2017ರ ಆಗಸ್ಟ್ 21ರಂದು ಸಿಂಗಾಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ತೈಲ ಹಡಗೊಂದಕ್ಕೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ಚುಕ್ಕಾಣಿ ಮತ್ತು ವೇಗದ ನಿಯಂತ್ರಣವನ್ನು ಸ್ಪರ್ಶತೆರೆಯ ಮೂಲಕ ಒಂದು ಸ್ಥಾನದಿಂದ ಇನ್ನೊಂದಕ್ಕೆ ವರ್ಗಾಯಿಸುವಾಗ, ಯಾವುದು ಯಾರ ಕೈಯಲ್ಲಿದೆ ಎಂಬುದು ಸಿಬ್ಬಂದಿಗೆ ತಿಳಿಯದೇ ಹೋಗಿತ್ತು. ಸಾಲದ ತರಬೇತಿಯ ಜೊತೆಗೆ ಆ ವ್ಯವಸ್ಥೆಯ ವಿನ್ಯಾಸವನ್ನೂ ತನಿಖೆ ಕಾರಣವಾಗಿ ಗುರುತಿಸಿತು. ವೇಗವನ್ನು ನಿಯಂತ್ರಿಸಲು ಮತ್ತೆ ಕೈಯಿಂದ ಹಿಡಿಯುವ ಹಿಡಿಕೆಗಳನ್ನೇ ಅಳವಡಿಸುವುದಾಗಿ ಅಮೆರಿಕದ ನೌಕಾಪಡೆ 2019ರಲ್ಲಿ ತಿಳಿಸಿತು. ಕಾರುಗಳಲ್ಲೂ ಗಾಳಿ ತಿರುಗುತ್ತಿದೆ. ಯುರೋಪಿನ ವಾಹನ ಸುರಕ್ಷತೆಯನ್ನು ಅಳೆಯುವ ಯೂರೊ ಎನ್‌ಸಿಎಪಿ ಸಂಸ್ಥೆಯು ತಿರುವಿನ ದೀಪ, ಅಪಾಯದ ದೀಪ, ಹಾರ್ನ್, ವೈಪರ್ ಮುಂತಾದ ಮೂಲಭೂತ ಕೆಲಸಗಳಿಗೆ ಪ್ರತ್ಯೇಕ ಗುಂಡಿಗಳಿರುವುದನ್ನು 2026ರಿಂದ ತನ್ನ ಅಂಕಗಳಲ್ಲಿ ಪರಿಗಣಿಸುತ್ತದೆ.

ನನ್ನ ಬೆರಳು ದಪ್ಪವೋ, ಗುಂಡಿಗಳು ಸಣ್ಣವೋ?

ಗುಂಡಿಗಳು ಸಣ್ಣವು. ಗುರಿ ದೂರವಿದ್ದಷ್ಟೂ, ಸಣ್ಣದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು ಎಂಬುದನ್ನು ಪಾಲ್ ಫಿಟ್ಸ್ 1954ರಲ್ಲಿ ಸೂತ್ರವಾಗಿ ಬರೆದರು. ಆಪಲ್ ತನ್ನ ಮಾರ್ಗಸೂಚಿಯಲ್ಲಿ ಮುಟ್ಟುವ ಜಾಗ ಕನಿಷ್ಠ 44 ಪಾಯಿಂಟ್, ಗೂಗಲ್ 48 ಡಿಪಿ ಇರಲಿ ಎನ್ನುತ್ತವೆ (ಎರಡೂ ತೆರೆಯ ಮೇಲಿನ ಅಳತೆಯ ಮಾನಗಳು). ಜಾಹೀರಾತನ್ನು ಮುಚ್ಚುವ ಕತ್ತರಿ (×) ಗುರುತು ಮಾತ್ರ ಸಾಸಿವೆಯಷ್ಟಿರುತ್ತದೆ, ಅದು ಸೂತ್ರ ತಿಳಿಯದೆ ಆದದ್ದಲ್ಲ, ಚೆನ್ನಾಗಿ ತಿಳಿದೇ ಆದದ್ದು.

ಮೆನುವಿನಲ್ಲಿ ಏಳಕ್ಕಿಂತ ಹೆಚ್ಚು ಆಯ್ಕೆಗಳು ಇರಬಾರದು ಎಂಬುದು ನಿಜವೇ?

ಇಲ್ಲ. ಏಳು ಎಂಬ ಅಂಕಿ ಬಂದದ್ದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಅವರಿಂದ, ಆದರೆ ಅವರು 1956ರಲ್ಲಿ ಬರೆದದ್ದು ಮನಸ್ಸಿನಲ್ಲಿ ಒಮ್ಮೆಗೆ ಹಿಡಿದಿಟ್ಟುಕೊಳ್ಳಬಹುದಾದ ಸಂಗತಿಗಳ ಬಗ್ಗೆ. ಮೆನು ಕಣ್ಣೆದುರಿಗೇ ಇರುತ್ತದೆ, ಅದನ್ನು ನೆನಪಿಡಬೇಕಾಗಿಲ್ಲ. ಫೋನಿನಲ್ಲಿ ಧ್ವನಿ ಓದಿ ಹೇಳುವ ‘ಇದಕ್ಕಾಗಿ 1 ಒತ್ತಿ’ ಎಂಬ ಪಟ್ಟಿಯನ್ನು ನೆನಪಿಡಬೇಕಾಗುತ್ತದೆ, ಅಲ್ಲಿ ಏಳು ಕೂಡ ಜಾಸ್ತಿಯೇ.

ಪಾಸ್‌ವರ್ಡನ್ನು ಮೂರು ತಿಂಗಳಿಗೊಮ್ಮೆ ಬದಲಿಸಲೇಬೇಕು, ಚಿಹ್ನೆ ಅಂಕಿ ಎಲ್ಲ ಇರಲೇಬೇಕು ಎನ್ನುತ್ತಾರೆ. ಇದರಿಂದ ಸುರಕ್ಷತೆ ಹೆಚ್ಚುತ್ತದೆಯೇ?

ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಒತ್ತಾಯಕ್ಕೆ ಸಿಕ್ಕವರು ಹಳೆಯ ಪಾಸ್‌ವರ್ಡಿನ ಕೊನೆಯ ಅಂಕಿಯನ್ನು 1ರಿಂದ 2ಕ್ಕೆ ಏರಿಸುತ್ತಾರೆ, ಅಥವಾ ಚೀಟಿಯಲ್ಲಿ ಬರೆದು ತೆರೆಯ ಅಂಚಿಗೆ ಅಂಟಿಸುತ್ತಾರೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲಿ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿ, ಸೋರಿಕೆಯ ಸುಳಿವಿಲ್ಲದೆ ಕಾಲಕಾಲಕ್ಕೆ ಬದಲಾಯಿಸುವಂತೆ ಒತ್ತಾಯಿಸಬಾರದು, ಇಂತಿಂಥ ಚಿಹ್ನೆಗಳು ಇರಲೇಬೇಕೆಂಬ ನಿಯಮ ಹೇರಬಾರದು, ಉದ್ದವಾದ ಪಾಸ್‌ವರ್ಡಿಗೂ ಪೇಸ್ಟ್ ಮಾಡುವುದಕ್ಕೂ ಅವಕಾಶವಿರಬೇಕು ಎಂದು ಸಲಹೆ ನೀಡಿತು. ಮನುಷ್ಯ ಪಾಲಿಸಲಾರದ ನಿಯಮ ಕಾಗದದ ಮೇಲಷ್ಟೇ ಭದ್ರವಾಗಿರುತ್ತದೆ ಎಂಬುದನ್ನು ಸಂಸ್ಥೆಯೇ ಒಪ್ಪಿಕೊಂಡಂತಾಯಿತು.

ವಯಸ್ಸಾದವರಿಗೆ, ದೃಷ್ಟಿ ಮಂದವಾದವರಿಗೆ ಬೇರೆ ವಿನ್ಯಾಸ ಬೇಕಲ್ಲವೇ?

ಅನೇಕ ವೇಳೆ ಬೇಡ. ಅವರಿಗೆ ಒಗ್ಗುವಂತೆ ಮಾಡಿದ್ದು ಎಲ್ಲರಿಗೂ ಒಗ್ಗುತ್ತದೆ. ಸ್ಯಾಮ್ ಫಾರ್ಬರ್ ಎಂಬ ಉದ್ಯಮಿ, ಸಂಧಿವಾತದಿಂದ ಬಳಲುತ್ತಿದ್ದ ತಮ್ಮ ಹೆಂಡತಿ ಬೆಟ್ಸಿ ಸಿಪ್ಪೆ ಹೆರೆಯಲು ಪಡುತ್ತಿದ್ದ ಪಾಡನ್ನು ಕಂಡು, ದಪ್ಪನೆಯ ಮೆತ್ತನೆಯ ಹಿಡಿಯ ಅಡುಗೆ ಸಲಕರಣೆಗಳನ್ನು 1990ರಲ್ಲಿ ಮಾರುಕಟ್ಟೆಗೆ ತಂದರು. ಅವನ್ನು ಕೊಂಡವರಲ್ಲಿ ಹೆಚ್ಚಿನವರಿಗೆ ಕೈನೋವು ಇರಲಿಲ್ಲ, ಹಿಡಿ ಹಿತವಾಗಿತ್ತು ಅಷ್ಟೇ. ತೆರೆಯ ಮೇಲಿನ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವೈದೃಶ್ಯ (ಕಾಂಟ್ರಾಸ್ಟ್) ಇರಬೇಕು ಎಂಬ ಜಾಲತಾಣಗಳ ಮಾನಕವೂ ಹಾಗೆಯೇ: ಅದು ಮಂದದೃಷ್ಟಿಯವರಿಗಾಗಿ ಬಂದದ್ದು, ಬಿಸಿಲಿನಲ್ಲಿ ನಿಂತ ಹದಿಹರೆಯದವರಿಗೂ ಬೇಕಾದದ್ದು. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು ಹಸಿರುಗಳ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದ ತಪ್ಪನ್ನು ಕೆಂಪು ಬಣ್ಣದಿಂದ ಮಾತ್ರ ತೋರಿಸುವ ಅರ್ಜಿ ಅವರಿಗೆ ಏನನ್ನೂ ತೋರಿಸುವುದಿಲ್ಲ.

ಇದಕ್ಕೆ ಲಿಪಿಯ ವಿಷಯವನ್ನೂ ಸೇರಿಸಬೇಕು. ಇಂಗ್ಲಿಷಿಗೆ ಅಳತೆ ಮಾಡಿದ ಸಾಲಿನ ಎತ್ತರದಲ್ಲಿ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಗುಂಡಿಯ ಮೇಲಿನ ಪದ ಅರ್ಧಕ್ಕೇ ನಿಂತು ಮೂರು ಚುಕ್ಕೆಯಾದರೆ, ಅನುವಾದ ಎಷ್ಟೇ ಚೆನ್ನಾಗಿದ್ದರೂ ಓದುವವರಿಗೆ ಸಿಗುವುದು ಚುಕ್ಕೆಗಳೇ.

ಸೇರುವುದು ಒಂದು ಒತ್ತಿಗೆ, ಬಿಡುವುದು ಹತ್ತು ಪುಟಗಳಿಗೆ. ಇದೂ ಕೆಟ್ಟ ವಿನ್ಯಾಸವೇ?

ಇದು ಕೆಟ್ಟ ವಿನ್ಯಾಸವಲ್ಲ, ಬಹಳ ಚೆನ್ನಾಗಿ ಮಾಡಿದ ವಿನ್ಯಾಸ. ನಿಮ್ಮ ಪರವಾಗಿ ಮಾಡಿದ್ದಲ್ಲ ಅಷ್ಟೇ. ಹ್ಯಾರಿ ಬ್ರಿಗ್ನಲ್ ಎಂಬ ವಿನ್ಯಾಸ ತಜ್ಞ 2010ರಲ್ಲಿ ಇಂತಹವಕ್ಕೆ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ಮೊದಲೇ ಗುರುತು ಹಾಕಿಟ್ಟ ಒಪ್ಪಿಗೆಯ ಚೌಕ, ಕೊನೆಯ ಪುಟದಲ್ಲಿ ಕಾಣಿಸುವ ಹೆಚ್ಚುವರಿ ಶುಲ್ಕ, ‘ಬೇಡ, ನನಗೆ ಉಳಿತಾಯ ಇಷ್ಟವಿಲ್ಲ’ ಎಂದು ನಾಚಿಸುವ ಗುಂಡಿ, ಇವೆಲ್ಲ ಆ ಗುಂಪಿನವು. ಬಳಸುವವರನ್ನು ಹೀಗೆ ದಾರಿ ತಪ್ಪಿಸುವ ತೆರೆಗಳನ್ನು ಯುರೋಪಿಯನ್ ಒಕ್ಕೂಟದ 2022ರ ಡಿಜಿಟಲ್ ಸೇವೆಗಳ ಕಾಯಿದೆ ಆನ್‌ಲೈನ್ ವೇದಿಕೆಗಳಿಗೆ ನಿಷೇಧಿಸಿದೆ. ಅಕಸ್ಮಾತ್ತಾದ ತೊಡಕನ್ನೂ ಬೇಕೆಂದೇ ಇಟ್ಟ ತೊಡಕನ್ನೂ ಬೇರ್ಪಡಿಸಲು ಒಂದು ಸುಲಭ ಪರೀಕ್ಷೆಯಿದೆ: ಕಂಪನಿಗೆ ಹಣ ಬರುವ ದಾರಿಯೂ ಹಣ ಹೋಗುವ ದಾರಿಯೂ ಸಮಾನವಾಗಿ ತೊಡಕಾಗಿವೆಯೇ ಎಂದು ನೋಡಿ.

ಎಲ್ಲವನ್ನೂ ಸರಳ ಮಾಡಿಬಿಟ್ಟರೆ ಆಗದೇ?

ಪ್ರತಿ ಕೆಲಸದಲ್ಲೂ ಕಳೆಯಲಾಗದ ಒಂದಿಷ್ಟು ಜಟಿಲತೆ ಇರುತ್ತದೆ, ಅದನ್ನು ಯಾರು ಹೊರಬೇಕು ಎಂಬುದಷ್ಟೇ ಪ್ರಶ್ನೆ ಎಂಬ ನಿಯಮ ಲ್ಯಾರಿ ಟೆಸ್ಲರ್ ಅವರ ಹೆಸರಿನಲ್ಲಿದೆ. ಕಂಪ್ಯೂಟರಿನಲ್ಲಿ ಕತ್ತರಿಸಿ ಅಂಟಿಸುವ ಕ್ರಮವನ್ನು ರೂಪಿಸಿದವರಲ್ಲಿ ಅವರು ಪ್ರಮುಖರು. ಒಂದೇ ಗುಂಡಿಯ ಯಂತ್ರ ಸರಳವಾಗಿ ಕಾಣುತ್ತದೆ. ಆದರೆ ಆ ಗುಂಡಿಯನ್ನು ಒಮ್ಮೆ ಒತ್ತಿದರೆ ಒಂದು, ಎರಡು ಸಲ ಒತ್ತಿದರೆ ಇನ್ನೊಂದು, ಐದು ಸೆಕೆಂಡು ಹಿಡಿದರೆ ಮತ್ತೊಂದು ಎಂದಾದಾಗ ಜಟಿಲತೆ ಎಲ್ಲಿಗೂ ಹೋಗಿಲ್ಲ, ಯಂತ್ರದ ಮೈಯಿಂದ ನಿಮ್ಮ ನೆನಪಿಗೆ ವರ್ಗವಾಗಿದೆ. ನನ್ನ ಬಳಿ ಇರುವ ಕಿವಿಫೋನು ಹೀಗೆಯೇ ಇದೆ. ಅದನ್ನು ಆರಿಸಲು ಹೋಗಿ ಎಷ್ಟೋ ಸಲ ಯಾರಿಗೋ ಕರೆ ಮಾಡಿದ್ದೇನೆ.

ವಿನ್ಯಾಸ ಸರಿಯಿದೆಯೇ ಎಂದು ಪರೀಕ್ಷಿಸಲು ದೊಡ್ಡ ಪ್ರಯೋಗಾಲಯ ಬೇಕೇ?

ಬೇಡ. ಒಬ್ಬೊಬ್ಬ ಬಳಕೆದಾರ ಸರಾಸರಿ ನೂರಕ್ಕೆ 31ರಷ್ಟು ತೊಡಕುಗಳನ್ನು ಬಯಲಿಗೆಳೆಯುತ್ತಾನೆ ಎಂಬ ಅಂದಾಜಿನ ಮೇಲೆ, ಐದು ಜನ ಸೇರಿದರೆ ಸುಮಾರು 85ರಷ್ಟು ಸಿಗುತ್ತವೆ ಎಂದು ನೀಲ್ಸನ್ ಲೆಕ್ಕ ಹಾಕಿದ್ದರು. ಆ ಸರಾಸರಿ ಎಲ್ಲ ಸಂದರ್ಭಗಳಿಗೂ ಹೊಂದುವುದಿಲ್ಲ ಎಂಬ ಟೀಕೆ ನ್ಯಾಯವಾದದ್ದೇ. ಆದರೂ ಯಾರನ್ನೂ ಕೇಳದಿರುವುದಕ್ಕಿಂತ ಐವರನ್ನು ಕೂರಿಸಿ ನೋಡುವುದು ಎಷ್ಟೋ ಮೇಲು. ಒಂದು ಕೆಲಸ ಕೊಟ್ಟು, ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳುತ್ತಾ ಮಾಡಿ ಎಂದು ಕೇಳಿ, ಪಕ್ಕದಲ್ಲಿ ಕುಳಿತು ಬಾಯಿ ಮುಚ್ಚಿಕೊಂಡಿರಬೇಕು. ಕಷ್ಟವಿರುವುದು ಈ ಕೊನೆಯದರಲ್ಲಿ: ತಾನು ಮಾಡಿದ ತೆರೆಯಲ್ಲಿ ಒಬ್ಬರು ದಾರಿ ಹುಡುಕುತ್ತಿರುವಾಗ ‘ಅಲ್ಲೇ ಇದೆ ನೋಡಿ’ ಎನ್ನದೆ ಒಂದು ನಿಮಿಷ ಕೂರುವುದು ಬಹಳ ಜನರಿಗೆ ಆಗುವುದಿಲ್ಲ.

ಸಾಮಾನ್ಯ ಬಳಕೆದಾರನಾಗಿ ನಾನು ದೂರು ಕೊಟ್ಟರೆ ಪ್ರಯೋಜನವಿದೆಯೇ?

‘ನಿಮ್ಮ ಆ್ಯಪ್ ಸರಿಯಿಲ್ಲ’ ಎಂದರೆ ಇಲ್ಲ. ಏನು ಮಾಡಲು ಹೊರಟಿದ್ದಿರಿ, ಯಾವ ತೆರೆಯಲ್ಲಿ ಏನನ್ನು ಒತ್ತಿದಿರಿ, ಏನಾಗುತ್ತದೆ ಎಂದುಕೊಂಡಿದ್ದಿರಿ, ನಿಜವಾಗಿ ಏನಾಯಿತು ಎಂಬ ನಾಲ್ಕು ಸಂಗತಿಗಳನ್ನು ಬರೆದರೆ ಓದಿದವರಿಗೆ ತಿದ್ದಲು ಒಂದು ಜಾಗ ಸಿಗುತ್ತದೆ. ಮೂರನೆಯದನ್ನು ಬಿಡಬೇಡಿ. ನೀವು ಏನೆಂದುಕೊಂಡಿರಿ ಎಂಬುದು ಅವರ ಯಾವ ದಾಖಲೆಯಲ್ಲೂ ಇರುವುದಿಲ್ಲ. ಸಾಧ್ಯವಾದರೆ ತೆರೆಯ ಚಿತ್ರವನ್ನೂ ಜೊತೆಗಿಡಿ, ಮತ್ತು ‘ಬಹುಶಃ ನನ್ನದೇ ತಪ್ಪಿರಬೇಕು’ ಎಂಬ ಸಾಲನ್ನು ಹೊಡೆದುಹಾಕಿ.